ಪಾದ್ರಿ ಒಡೆಯದೆ ಬಿಟ್ಟ ಅರೆಗಲ್ಲು

ನಾನೊಂದು ಅರೆಗಲ್ಲು. ಬೆಂಕಿ ಕಾರಿ ತಣ್ಣಗಾದ ಬೆಟ್ಟದ ಕರಿಕಲ್ಲಿನಲ್ಲಿ ಹುಟ್ಟಿದವಳು. ಮೆಕ್ಸಿಕೊ ಕಣಿವೆಯ ಕಲ್ಲುಕುಟಿಗನೊಬ್ಬ ನನಗೆ ಮೂರು ಗಿಡ್ಡ ಕಾಲು, ಇಳಿಜಾರು ಬೆನ್ನು ಕೊಟ್ಟ. ಸಂತೆಯಲ್ಲಿ ನನ್ನನ್ನು ಕೊಂಡವಳು ಶೋಕೊ. ಸುಣ್ಣದ ನೀರಲ್ಲಿ ನೆನೆಸಿದ ಮುಸುಕಿನಜೋಳವನ್ನು ನನ್ನ ಮೇಲೆ ಅರೆದು ಅವಳು ಆರು ಮಕ್ಕಳನ್ನು ಸಾಕಿದಳು.

ಆಮೇಲೆ ಕುದುರೆಯೇರಿ ಸ್ಪೇನಿನ ಗಡ್ಡದವರು ಬಂದರು. ಅವರ ಹಿಂದೆಯೇ ಸಿಡುಬು ಬಂತು. ಅರೆಯುವ ಕೈಗಳೆಲ್ಲ ಹಾಸಿಗೆ ಹಿಡಿದವು. ಶೋಕೊ ಹೋದಳು, ಐದು ಮಕ್ಕಳೂ ಹೋದರು. ಉಳಿದವಳು ಸೆಂತೆವಾ ಒಬ್ಬಳೇ. ಮುಂದೆ ಬೆಳೆದು ಮದುವೆಯಾಗಿ, ಗಂಡನೂ ಹೋದ ಮೇಲೆ ಅವಳು ಎದೆಗೆ ಕೂಸನ್ನೂ ಬೆನ್ನಿಗೆ ನನ್ನನ್ನೂ ಕಟ್ಟಿಕೊಂಡು ಗಡ್ಡದವರ ಮಠದ ಅಡುಗೆಮನೆ ಸೇರಿದಳು.

ಮಠದ ಪಾದ್ರಿ ಗಾಸ್ಪರ್‌ಗೆ ಸದಾ ಹೊಟ್ಟೆನೋವು, ಸದಾ ಅನುಮಾನ. ಉಪ್ಪನ್ನೂ ಮೂಸಿ ನೋಡುವ ಆಸಾಮಿ. ಒಂದು ದಿನ ಸೆಂತೆವಾ ಜೋಳವನ್ನು ಬೊಗಸೆಯಲ್ಲಿ ಹಿಡಿದು ಮೆಲ್ಲಗೆ ಉಸಿರೂದಿ ಪಾತ್ರೆಗೆ ಹಾಕುವುದು ಅವರ ಕಣ್ಣಿಗೆ ಬಿತ್ತು. ದುಭಾಷಿ ಲೂಕಾಸನನ್ನು ಕೂಗಿದರು. ಅವನು ಸೆಂತೆವಾಳ ಚಿಕ್ಕಮ್ಮನ ಮಗ; ಲೂಕಾಸ್ ಎಂಬುದು ದೀಕ್ಷಾಸ್ನಾನದಲ್ಲಿ ಸಿಕ್ಕ ಹೆಸರು.

"ಏನು ಊದಿದೆ ಅಂತ ಕೇಳ್ತಾರೆ ಅಕ್ಕಾ."

"ಜೋಳ ಹೆದರದೆ ಇರ್ಲಿ ಅಂತ. ಕುದಿಯೋ ನೀರಿಗೆ ಬೀಳ್ತದಲ್ಲ ಪಾಪ, ಧೈರ್ಯ ಹೇಳೋದು ಬ್ಯಾಡ್ವಾ?"

ಪಾದ್ರಿ ನಂಬಲಿಲ್ಲ; ತಮ್ಮ ಹೊಟ್ಟೆನೋವಿಗೆ ಈ ಮಾಟವೇ ಕಾರಣ ಎಂದುಕೊಂಡರು. ಮೂರು ದಿನ ಪಕ್ಕದಲ್ಲೇ ಮಣೆ ಹಾಕಿಕೊಂಡು ಕುಳಿತರು. ಅವಳು ಉಸಿರು ಬಿಗಿಹಿಡಿದೇ ಬೇಯಿಸಿದಳು. ಹೊಟ್ಟೆನೋವು ಹೋಗಲಿಲ್ಲ. ಆಗ ಅವರ ಕಣ್ಣು ನನ್ನ ಮೇಲೆ ಬಿತ್ತು. ನನ್ನನ್ನು ಮಗುಚಿದರು, ಕಾಲುಗಳ ಸಂದಿಯಲ್ಲಿ ಏನು ಕೆತ್ತಿದೆಯೆಂದು ಬೆರಳಿಟ್ಟು ತಡಕಿದರು. ಏನೂ ಸಿಗಲಿಲ್ಲ. ಏನೂ ಸಿಗದಿದ್ದುದೇ ಅವರಿಗೆ ದೊಡ್ಡ ಗುಮಾನಿಯಾಯಿತು. ಸುತ್ತಿಗೆ ತರಿಸಿದರು.

ಸೆಂತೆವಾ ನನ್ನ ಮೇಲೆ ಕವುಚಿ ಬಿದ್ದಳು. "ನಂಗೆ ಚಾಟಿಲಿ ಹೊಡೀರಿ ಸ್ವಾಮಿ, ಇದನ್ನ ಮಾತ್ರ ಒಡೀಬ್ಯಾಡಿ!"

ಅರೆಗಲ್ಲು ಒಡೆದ ಮನೆಯಲ್ಲಿ ಒಂದು ಹೆಣ ಬೀಳುತ್ತದೆ ಎಂಬುದು ಅವಳ ಜನರ ನಂಬಿಕೆ. ಅವಳಿಗೆ ಉಳಿದದ್ದು ಆ ಕೂಸೊಂದೇ. ಬರಿಯ ಕಲ್ಲಿಗಾಗಿ ಇಷ್ಟು ಗೋಳಾಟವೇ ಎಂದು ಪಾದ್ರಿಯ ಅನುಮಾನ ಇನ್ನಷ್ಟು ಏರಿತು. ಸುತ್ತಿಗೆ ಮೇಲೆದ್ದಿತು.

ಲೂಕಾಸ್ ಕೆಮ್ಮಿದ. "ಒಡೀರಿ ಸ್ವಾಮಿ. ಬರೀ ಮೂಢನಂಬಿಕೆ. ಕಲ್ಲು ಒಡೆದ್ರೆ ಮನೆ ಯಜಮಾನ ಸಾಯ್ತಾನಂತೆ, ಅಷ್ಟೇ."

"ಯಜಮಾನ ಅಂದ್ರೆ?"

"ಈ ಮನೆಗಾದ್ರೆ... ತಾವೇ."

ಸುತ್ತಿಗೆ ಅಲ್ಲೇ ನಿಂತಿತು. ಪಾದ್ರಿ ಶಿಲುಬೆ ಗುರುತು ಮಾಡಿಕೊಂಡರು, ಗಂಟಲು ಸರಿಮಾಡಿಕೊಂಡರು. "ಮಠದ ವಸ್ತು. ಸುಮ್ಮನೆ ಯಾಕೆ ಹಾಳು ಮಾಡೋದು? ಮೂಲೆಗಿಡು. ಯಾರೂ ಇದರ ಮೇಲೆ ಅರೀಬಾರ್ದು."

ಪಾದ್ರಿ ಬೆನ್ನು ತಿರುಗಿಸಿದ ಮೇಲೆ ಲೂಕಾಸ್ ತಾನು ಕಟ್ಟಿದ ಮಾತನ್ನು ಹೇಳಿದ. ಸೆಂತೆವಾ ಕೂಸನ್ನು ಅವುಚಿಕೊಂಡು ಅಳುತ್ತಲೇ ನಕ್ಕಳು. "ಲೋ, ಇವರೂ ನಮ್ಮೋರೇ ಆಗ್ಬಿಟ್ರಲ್ಲೋ!"

ಹದಿನಾಲ್ಕು ವರ್ಷ ಪಾದ್ರಿ ದಿನವೂ ಬಂದು, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನನ್ನ ಬೆನ್ನ ಮೇಲೆ ಹೆಬ್ಬೆರಳಾಡಿಸಿ ಬಿರುಕು ಹುಡುಕಿದರು. ಭಾನುವಾರ ಮಾತ್ರ ಕಲ್ಲಿಗೆ ಹೆದರಬೇಡಿ ಎಂದು ಊರಿಗೆಲ್ಲ ಬೋಧಿಸಿದರು. ಕೊನೆಗೆ ಮುಪ್ಪಿನಿಂದಲೇ ತೀರಿಕೊಂಡರು.

ಈಗಲೂ ನಾನು ಅದೇ ಮೂಲೆಯಲ್ಲಿದ್ದೇನೆ. ಅರೆದು ಅರೆದು ಸವೆಯುವುದು ನನ್ನಂಥವಳ ಭಾಗ್ಯ. ನನ್ನನ್ನು ಒಂದು ಭಯ ಜೋಪಾನವಾಗಿ ಉಳಿಸಿಬಿಟ್ಟಿತು. ಯಾರಾದರೂ ಹತ್ತಿರ ಬಂದರೆ ಈಗ ನನಗೇ ಅನುಮಾನ: ಇವರು ಹಸಿದು ಬಂದವರೋ, ಹೆದರಿ ಬಂದವರೋ?