ಎರಡು ಕಣ್ಣಿನ ಪಟ್ಟಿ

ನೀರಿನೊಳಗೆ ಒಂದು ಕೆಂಪು ಎಳೆ, ನೆತ್ತರಲ್ಲ, ಕುಂಕುಮ, ವರ್ಷ ವರ್ಷದ ಆಯುಧಪೂಜೆಯ ಕುಂಕುಮ ಕಬ್ಬಿಣ ಬಿಟ್ಟು ಗಂಗಾವಳಿ ಸೇರುತ್ತಿದೆ, ಹೊನ್ನು ಮಂಜಗುಣಿಯ ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತು ಅದನ್ನೇ ನೋಡುತ್ತಾಳೆ — ಬುಟ್ಟಿಯಲ್ಲಿ ಅಪ್ಪನ ಬಾಡಿಗೆ ಅಂಬಾಸಿಡರಿನ ಹಳೆ ಗೇರುಕಡ್ಡಿ, ಸಲಾಕೆ, ಸ್ಪ್ರಿಂಗು. ಕಡ್ಡಿಯನ್ನು ಮೊದಲು ಬಿಟ್ಟಳು, ಬುಳಕ್ ಅಂದಿತು, ವಿನುತಕ್ಕನ ಹೆರಿಗೆ ಸುಸೂತ್ರ ಆಗಲಿ ಅಂದುಕೊಂಡಳು, ಆಮೇಲೆ ಕೈಗೆ ಬಂದದ್ದು ಈ ಕಬ್ಬಿಣದ ಪಟ್ಟಿ, ಎರಡು ಕಣ್ಣಿನದು, ಒಂದು ಸಣ್ಣ ತೂತು, ಒಂದು ದೊಡ್ಡದು, ತೊಳೆದರೆ ದೊಡ್ಡ ಕಣ್ಣಿನ ಒಳಮೈ ಸವೆದು ಫಳಫಳ — ಅಯ್ಯೋ ದೇವರೇ, ಮೇಸ್ತ್ರಿ ಹುಡುಕಿದ್ದು ಇದೇ. ತೆಂಗಿನಮರದಿಂದ ಬಿದ್ದ ಮೇಲೆ ಅಪ್ಪನ ಎಡಭುಜ ಮೇಲೇಳುವುದಿಲ್ಲ, ಸ್ಟೇರಿಂಗ್ ಪಕ್ಕದ ಗೇರು ಎಟುಕುವುದಿಲ್ಲ, ಅದಕ್ಕೇ ಗೇರು ನೆಲಕ್ಕೆ ಇಳಿಯಬೇಕಿತ್ತು, ತಿಮ್ಮಣ್ಣಾ, ಇನ್ನು ನಾಯಿಮರಿ ತಲೆ ಸವರಿದ ಹಂಗೆ ಸವರು, ಗೇರು ಬೀಳ್ತದೆ, ಶಾಂತಾರಾಮ ಮೇಸ್ತ್ರಿ ನಿನ್ನೆ ಕಾರಿನಡಿಯಿಂದಲೇ ಅಪ್ಪನಿಗೆ ಹೇಳಿ ನಗುತ್ತಿದ್ದ, ಸಣ್ಣ ಕಣ್ಣಲ್ಲಿ ಗೇರಿನ ಸಲಾಕೆ, ದೊಡ್ಡದರಲ್ಲಿ ಸ್ಟೇರಿಂಗಿನ ಕಂಬ, ಸಲಾಕೆ ಹೋದ್ರೂ ಪಟ್ಟಿ ಹೋಗೂಕಾಗ, ಕಂಬಕ್ಕೆ ಇದೇ ಆಧಾರ — ಬಾಗಿಲ ಹಿಂದೆ ನಿಂತು ಅವಳೂ ಕೇಳಿದ್ದಳು, ಏಳನೇ ಇಯತ್ತೆಗೆ ಶಾಲೆ ಬಿಟ್ಟ ಮೇಲೆ ಬಾಗಿಲ ಹಿಂದೆ ಕೇಳಿದ್ದೇ ಅವಳ ಶಾಲೆ, ಕೇಳಿದ್ದಳು, ಕಂಡಿರಲಿಲ್ಲ. ಬೆಳಿಗ್ಗೆ ಗೋಣಿಚೀಲದ ಮೇಲೆ ಎಲ್ಲ ಒಟ್ಟಿಗೇ ಬಿದ್ದಿದ್ದವು, ಅವ್ವ ಹೇಳಿದಳು, ಕುಂಕುಮ ಕಂಡ ಸಾಮಾನು ಗುಜರಿಗೆ ಹೋಗೂಕಾಗ, ಹೊಳೆಗೇ ಬಿಡಬೇಕು, ಕುಂಕುಮ ಕಂಡದ್ದನ್ನೆಲ್ಲ ಹೊನ್ನು ಬುಟ್ಟಿಗೆ ತುಂಬಿದಳು, ಪಟ್ಟಿಗೇ ಎಲ್ಲಕ್ಕಿಂತ ಹೆಚ್ಚು ಕುಂಕುಮ.

ಪಟ್ಟಿ ಎಲ್ಲಿ ಹೋಯ್ತು, ಇಲ್ಲೇ ಇಟ್ಟಿದ್ದೆ ಮಾರಾಯಾ, ಮೇಸ್ತ್ರಿ ಚೀಲ ಕೊಡವುತ್ತಿದ್ದ, ಬುಟ್ಟಿ ನೋಡಿ ಅಂತ ಅವಳು ಅನ್ನಬೇಕಿತ್ತು, ನಾಲಿಗೆಯವರೆಗೂ ಬಂದಿತ್ತು — ಹಿಂದೊಮ್ಮೆ ಮಾತಾಡಿದಾಗ, ಓ, ಹೊನ್ನುಗೂ ಬಾಯಿ ಉಂಟು, ಅಂದಿದ್ದ ಇದೇ ಮೇಸ್ತ್ರಿ, ಅಂಗಳವೆಲ್ಲ ನಕ್ಕಿತ್ತು — ಅಷ್ಟರಲ್ಲಿ ಒಳಗೆ ಅಕ್ಕ ಕೂಗಿದಳು, ನೀರು ಹೋಯಿತು, ಸೂಲಗಿತ್ತಿ ಕಾಮಜ್ಜಿ ಹೊಟ್ಟೆ ಮುಟ್ಟಿ ಕೈ ತೆಗೆದಳು, ಕೂಸು ಅಡ್ಡ ಉಂಟು, ಕಾರವಾರಕ್ಕೇ ಒಯ್ಯಿರಿ. ಮೇಸ್ತ್ರಿ ಪಟ್ಟಿಯ ಬದಲು ಕಂಬಕ್ಕೆ ತಂತಿ ಸುತ್ತಿದ, ಹಗೂರ ಹೋಗು ತಿಮ್ಮಣ್ಣಾ, ಅಪ್ಪ ಅಂದ, ಹಿಡೀತದೆ ಹಿಡೀತದೆ, ಅಕ್ಕನ ಕೈ ಮುಂದಿನ ಸೀಟು ಹಿಡಿದು ಬೆಳ್ಳಗಾಗಿತ್ತು, ಆಗಲೂ ಹೊನ್ನು ಬಾಯಿ ಬಿಡಲಿಲ್ಲ, ಬುಟ್ಟಿ ಅವಳ ಸೊಂಟದ ಮೇಲೇ ಇತ್ತು, ಅವ್ವ ಕಾರು ಹತ್ತುತ್ತ ಅಂದಳು, ನೀ ಹೊಳೆಗೆ ಹೋಗು, ದೇವರು ಕಾಯ್ತಾನೆ.

ಈಗ ಬೇಲೆಕೇರಿ ಕ್ರಾಸು ದಾಟಿರುತ್ತಾರೆ, ಅವರ್ಸಾ, ಅಮದಳ್ಳಿ, ಆಮೇಲೆ ಅರ್ಗಾ, ಬಿಣಗಾದ ತಿರುವು, ಎಡಕ್ಕೆ ಕೆಳಗೆ ಸಮುದ್ರ, ಎದುರು ಲಾರಿ — ಅಪ್ಪನ ಕೈ ಬಲಕ್ಕೆ ತಿರುಗಿಸುತ್ತದೆ, ತಂತಿ — ಬಸ್ಸು ಹಿಡಿದರೆ, ಬಸ್ಸು ಕಾರನ್ನು ಹಿಡಿಯುತ್ತದೆಯೇ, ರಸ್ತೆಗೆ ಓಡಿದರೆ, ಯಾರಿಗೆ ಕೂಗುವುದು, ಈಗ ಕೂಗುತ್ತೇನೆ, ಬುಟ್ಟಿ ನೋಡಿ, ಬುಟ್ಟಿ ನೋಡಿ, ಆಚೆ ದಂಡೆಯಲ್ಲಿ ದೋಣಿಯವನು ತಿರುಗಿ ನೋಡಿದ, ಕೈಬೀಸಿದ, ಬರ್ತೆ ತಂಗೀ, ತಡಿ — ಪಟ್ಟಿಯನ್ನು ಎತ್ತಿ ಹಿಡಿದಿದ್ದಾಳೆ, ಸಣ್ಣ ಕಣ್ಣಲ್ಲಿ ಕುಂಕುಮದ ಕೆಸರು ಕಟ್ಟಿಕೊಂಡಿದೆ, ದೊಡ್ಡ ಕಣ್ಣು ಫಳಫಳ, ದುಂಡಗೆ, ಕಂಬ ಇರಬೇಕಾದಲ್ಲಿ ಬರೀ ನೀರು, ದೊಡ್ಡ ಕಣ್ಣು, ಅದರೊಳಗೆ ನೀರು, ದೊಡ್ಡ ಕಣ್ಣು