ಒಂದು ಸೈಜು ಚಿಕ್ಕದು

ಶೂ ಕೊಳ್ಳಲು ಸಂಜೆಯೇ ಹೋಗಬೇಕೆಂದು ಹಟ ಹಿಡಿದವಳು ನಾನು. ದಿನವೆಲ್ಲ ದುಡಿದ ಪಾದ ಸಂಜೆಗೆ ಸ್ವಲ್ಪ ಊದಿರುತ್ತದೆ, ಓಡುವಾಗಲೂ ಹಾಗೇ ಊದುತ್ತದೆ, ಆ ಅಳತೆಗೇ ಕೊಳ್ಳಬೇಕು ಎಂದು ಓದಿದ್ದೆ. ಓದಿದ್ದನ್ನೆಲ್ಲ ಹೇಳಿ ಹೇಳಿ ನನ್ನ ಗಂಡನ ಕಿವಿ ತೂತು ಮಾಡಿದ್ದೆ.

ಅವರು ಸಿಟಿ ಬಸ್ಸಿನ ಡ್ರೈವರ್. ಹಿಂದಿನ ವಾರ ಕಂಪನಿಯ ಡಾಕ್ಟರು ರಕ್ತಪರೀಕ್ಷೆಯ ಫಲಿತಾಂಶ ನೋಡಿ, ಸಕ್ಕರೆ ಮಿತಿಮೀರಿದೆ, ದಿನಾ ಬೆಳಿಗ್ಗೆ ಜಾಗಿಂಗ್ ಮಾಡಿ ಎಂದಿದ್ದರು. ಮುಂದಿನ ತಪಾಸಣೆಯಲ್ಲೂ ಹೀಗೇ ಇದ್ದರೆ ಸ್ಟೀರಿಂಗ್ ಬಿಡಿಸಬೇಕಾಗುತ್ತದೆ ಎಂದೂ ಸೇರಿಸಿದ್ದರು. ಸ್ಟೀರಿಂಗ್ ಬಿಟ್ಟರೆ ಇವರಿಗೆ ಕೈ ಎಲ್ಲಿಡಬೇಕೆಂದೇ ತಿಳಿಯದು. ಊಟಕ್ಕೆ ಕೂತಾಗಲೂ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಒಂದಿಷ್ಟು ಆ ಕಡೆ ಈ ಕಡೆ ತಿರುಗಿಸಿಯೇ ತುತ್ತಿಗೆ ಕೈ ಹಾಕುವವರು.

ಜೊತೆಗೆ ಸೀಟಿ ಬಂದಿದ್ದ. ಅವನು ಇವರ ಬಸ್ಸಿನ ಕಂಡಕ್ಟರ್, ಸೀಟಿ ಎಂಬುದು ನಾವಿಟ್ಟ ಅಡ್ಡಹೆಸರು. ಬಾಯಲ್ಲಿ ಸೀಟಿ ಇಲ್ಲದಿದ್ದರೆ ಮಾತಿರುತ್ತದೆ. ಎರಡೂ ಇಲ್ಲದ ಹೊತ್ತನ್ನು ನಾನು ಕಂಡಿರಲಿಲ್ಲ. ವರ್ಷಗಳಿಂದ ಓಡುವವನಾದ್ದರಿಂದ ಶೂ ಆರಿಸಲು ತಾನೇ ಬರುವೆನೆಂದು ಹೊರಟಿದ್ದ.

ಅಂಗಡಿ ಮೊದಲ ಮಹಡಿಯಲ್ಲಿತ್ತು. ಗೋಡೆಯ ತುಂಬ ಶೂಗಳು, ನಡುವೆ ಕೂರಲು ಬೆಂಚು, ಪಕ್ಕದಲ್ಲಿ ಓಡಿ ನೋಡಲೆಂದು ಹಾಸಿದ ರಬ್ಬರ್ ಪಟ್ಟಿ, ಪಟ್ಟಿಯ ಕೊನೆಗೆ ಆಳೆತ್ತರದ ಕನ್ನಡಿ. ಅಂಗಡಿಯ ಹುಡುಗಿ ಮೊದಲು ತಂದ ಜೋಡಿ ನನ್ನ ಕಣ್ಣಿಗೆ ಸರಿಯಾಗಿಯೇ ಇತ್ತು. ಹಿಮ್ಮಡಿ ಜಾರುತ್ತಿರಲಿಲ್ಲ, ಬೆರಳುಗಳ ಮುಂದೆ ಹೆಬ್ಬೆರಳಗಲ ಜಾಗವಿತ್ತು. ಇವರು ನಾಲ್ಕು ಹೆಜ್ಜೆ ಹಾಕಿ, ಸಡಿಲ, ಕಾಲಲ್ಲಿ ಏನೂ ಇಲ್ಲದ ಹಾಗಿದೆ ಎಂದರು. ಇನ್ನೊಂದು ಜೋಡಿಗೂ ಅದೇ ಮಾತು. ಮೋಡದ ಮೇಲೆ ನಡೆದ ಹಾಗಿರುತ್ತೆ ಎಂದು ಹುಡುಗಿ ಮೂರನೆಯದನ್ನು ಹೊಗಳಿದಳು. ಮೋಡ ಬೇಡಮ್ಮ, ನೆಲ ಗೊತ್ತಾಗೋ ಅಂಥದ್ದು ಕೊಡು ಎಂದು ಇವರು ಒಂದು ಸೈಜು ಚಿಕ್ಕದನ್ನು ತರಿಸಿದರು. ಲೇಸನ್ನು ಜಗ್ಗಿ ಜಗ್ಗಿ ಕಟ್ಟಿ ಎದ್ದು ನಿಂತರು.

"ಹಾಂ, ಈಗ ಹಿಡೀತು."

ಸೀಟಿ ನಕ್ಕ. "ಅತ್ತಿಗೆ, ಮೊನ್ನೆ ನಮ್ಮ ಗುರುಗಳು ಬಸ್ಸನ್ನ ಸ್ಟಾಪ್ ದಾಟಿಸಿ ಅಷ್ಟು ದೂರ ಒಯ್ದು ನಿಲ್ಲಿಸಿದ್ರು. ಹತ್ತೋರೆಲ್ಲ ಹಿಂದಿಂದ ಜಾಗಿಂಗ್ ಮಾಡ್ಕೊಂಡು ಬಂದ್ರು. ಶೂ ಬೇಕಾಗಿರೋದು ಇವರಿಗಲ್ಲ, ಪ್ಯಾಸೆಂಜರಿಗೆ."

ಎಂಥ ಸಪ್ಪೆ ಜೋಕಿಗೂ ಹೊಟ್ಟೆ ಹಿಡಿದು ನಗುವ ನನ್ನ ಗಂಡ ನಗಲಿಲ್ಲ. ರಬ್ಬರ್ ಪಟ್ಟಿಯ ಕಡೆ ನಡೆದರು. ನಗದೇ ಹೋದದ್ದು ನನ್ನ ಎದೆಯಲ್ಲಿ ಮುಳ್ಳಿನಂತೆ ನಿಂತಿತು.

ಅವರು ಓಡುವುದನ್ನು ನೋಡಿದೆ. ಕನ್ನಡಿಯ ಕಡೆ ಹೋಗುವಾಗ ಕಣ್ಣು ಕನ್ನಡಿಯಲ್ಲಿದ್ದ ಕಾಲಿನ ಮೇಲೆ. ತಿರುಗಿ ಬರುವಾಗ ತಲೆ ತಗ್ಗಿಸಿ ಕಾಲನ್ನೇ ನೋಡುತ್ತ ಬಂದರು. ಕತ್ತೆತ್ತಿ ಓಡಿ ಎಂದೆ. ಎತ್ತಿದರು. ಬಲಗಾಲು, ಯಾರೋ ಕೊಟ್ಟ ಗಂಟನ್ನು ಕೆಳಗಿಟ್ಟ ಹಾಗೆ, ಧೊಪ್ಪೆಂದು ಬಿತ್ತು. ಮುಂದಿನ ಹೆಜ್ಜೆಯಲ್ಲಿ ಶೂವಿನ ತುದಿ ಪಟ್ಟಿಗೆ ತಾಗಿ, ಪಕ್ಕದ ಸ್ಟ್ಯಾಂಡ್ ಹಿಡಿದುಕೊಂಡರು. ಹೊಸ ಶೂ ಅಲ್ಲವೇ ಎಂದು ಹುಡುಗಿಯೇ ಸಮಾಧಾನ ಹೇಳಿದಳು.

ಬೆಂಚಿನ ಮೇಲೆ ಕೂತವರ ಮುಂದೆ ಮಂಡಿಯೂರಿದೆ. ಮಗಳಿಗೆ ಚಪ್ಪಲಿ ಶೂ ಕೊಳ್ಳುವಾಗ ಮಾಡುವ ಹಾಗೆ ಬಲಗಾಲ ಶೂವಿನ ಮುಂದಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿದೆ. ಜಾಗವೇ ಇರಲಿಲ್ಲ. ಅವರ ಹೆಬ್ಬೆರಳು ಬಟ್ಟೆಗೆ ಒತ್ತಿ ಉಬ್ಬಿತ್ತು. ಇನ್ನಷ್ಟು ಒತ್ತಿದೆ. ಅವರು ನಾಳೆ ಬೆಳಗಿನ ಮೊದಲ ಟ್ರಿಪ್ಪಿನ ವಿಷಯ ಸೀಟಿಯ ಹತ್ತಿರ ಮಾತಾಡುತ್ತಿದ್ದರು. ಮಗಳಾಗಿದ್ದರೆ ಅಷ್ಟರಲ್ಲಿ ಅಂಗಡಿ ಹಾರಿಹೋಗುವ ಹಾಗೆ ಕಿರುಚಿರುತ್ತಿದ್ದಳು. ಶೂವಿನ ಬಟ್ಟೆ ದಪ್ಪವಿದ್ದೀತೆಂದು ನನಗೆ ನಾನೇ ಹೇಳಿಕೊಂಡು, ಲೇಸು ಬಿಚ್ಚಿ ಶೂ ತೆಗೆದು, ಪಾದವನ್ನು ಮಡಿಲಲ್ಲಿಟ್ಟುಕೊಂಡು, ಸಾಕ್ಸಿನ ಮೇಲಿಂದ ಕಿರುಬೆರಳನ್ನು ಉಗುರಿನಲ್ಲಿ ಚಿವುಟಿದೆ. ಮಾತು ಎಲ್ಲೂ ತುಂಡಾಗಲಿಲ್ಲ.

ಸೀಟಿ ಸಾಕ್ಸ್ ನೋಡಲು ಆ ಕಡೆ ಹೋದ.

"ರೀ, ಸ್ವಲ್ಪ ಮೇಲೆ ನೋಡಿ. ಎಲ್ಲಿ ಒತ್ತುತಾ ಇದೀನಿ ಹೇಳಿ."

ಅವರು ನನ್ನ ಮುಖ ನೋಡಿದರು. ಆಮೇಲೆ ಸೂರು ನೋಡಿದರು. ಬಹಳ ಹೊತ್ತು ಯೋಚಿಸಿದ ಹಾಗಿತ್ತು.

"ಹೆಬ್ಬೆರಳು. ಸಾಕು ಬಿಡೇ, ನೋಯುತ್ತೆ."

ನನ್ನ ಎರಡೂ ಕೈ ನನ್ನ ತೊಡೆಯ ಮೇಲಿದ್ದವು.

ಅವರು ಕಣ್ಣಿಳಿಸಿ ಆ ಕೈಗಳನ್ನು ನೋಡಿದರು. ಒಂದು ಕಟ್ಟು ಸಾಕ್ಸ್ ಹಿಡಿದು ನಮ್ಮ ಹಿಂದೆಯೇ ಬಂದು ನಿಂತಿದ್ದ ಸೀಟಿಯೂ ನೋಡಿದ. ಸೀಟಿಯ ಬಾಯಲ್ಲಿ ಮಾತಿರಲಿಲ್ಲ.

ಆಮೇಲೆ ಎಲ್ಲ ತಗ್ಗಿದ ದನಿಯಲ್ಲಿ ಹೊರಬಂತು. ಕೆಲವು ತಿಂಗಳಿಂದ ಹೀಗಂತೆ. ಮೊದಮೊದಲು ಇರುವೆ ಹರಿದಂತಾಗುತ್ತಿತ್ತಂತೆ, ಆಮೇಲೆ ಹತ್ತಿ ಸುತ್ತಿದಂತೆ, ಈಗ ಅದೂ ಇಲ್ಲವಂತೆ. ಬಿಗಿಯಾಗಿ ಕಟ್ಟಿದರೆ ಕಾಲು ಇದೆ ಅಂತಲಾದರೂ ತಿಳಿಯುತ್ತದಂತೆ. ಓಡಲು ಶುರುಮಾಡಿದರೆ ರಕ್ತ ಹರಿದು ತಾನೇ ಸರಿಹೋಗುತ್ತದೆ, ತಪಾಸಣೆಯವರೆಗೆ ಬಾಯಿ ಮುಚ್ಚಿಕೊಂಡಿದ್ದರೆ ಆಯಿತು ಎಂದರು. ಡಾಕ್ಟರು ನೋಡುವುದು ರಕ್ತ, ಪಾದ ಯಾರು ಬಿಚ್ಚಿಸಿ ನೋಡುತ್ತಾರೆ?

"ಬ್ರೇಕು?" ಎಂದ ಸೀಟಿ.

"ಗೊತ್ತಾಗುತ್ತೆ. ಮಂಡಿಗೆ ಗೊತ್ತಾಗುತ್ತೆ."

ಸೀಟಿ ಸಾಕ್ಸಿನ ಕಟ್ಟನ್ನು ಬೆಂಚಿನ ಮೇಲಿಟ್ಟ. "ನಾನು ಸೀಟಿ ಊದಿದ್ರೆ ಬಸ್ಸು ನಿಲ್ಲುತ್ತೆ ಅಂತ ಅಂದ್ಕೊಂಡಿದ್ದೆ, ಗುರುವೇ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಇವರಿಗೆ ಹಗುರವಾಗುತ್ತಿತ್ತೋ ಏನೋ. ನಾನು ಆ ಹೊತ್ತಿನಲ್ಲಿ ಬೆಳಗಿನ ಬಸ್ಸನ್ನು ನೆನೆದೆ. ನಿಂತೇ ತೂಕಡಿಸುವ ಆಸ್ಪತ್ರೆಯ ಆಯಾಗಳು, ಪೇಪರ್ ಹಂಚಿ ಮುಗಿಸಿದ ಮುದುಕ, ಮೊದಲ ಸೀಟಿಗಾಗಿ ಜಗಳವಾಡುವ ಮಕ್ಕಳು. ಅವರೆಲ್ಲರ ಪ್ರಾಣ ಒಂದು ಮಂಡಿಯ ಅಂದಾಜಿನ ಮೇಲೆ ನಡೆಯುತ್ತಿತ್ತು. ಅದರ ಬೆನ್ನಿಗೇ, ಮನೆಯಲ್ಲಿ ಸುಮ್ಮನೆ ಕೂತು ತಟ್ಟೆ ತಿರುಗಿಸುವ ನನ್ನ ಗಂಡನೂ ಕಣ್ಣ ಮುಂದೆ ಬಂದರು.

"ನಾಳೆ ನೀವು ಬಸ್ಸು ತೆಗೀಬಾರದು," ಎಂದೆ. "ಡಿಪೋಗೆ ನೀವೇ ಹೇಳ್ತೀರೋ, ನಾನು ಹೇಳಲೋ?"

"ನನ್ನ ಹೊಟ್ಟೆ ಮೇಲೆ ನೀನೇ ಹೊಡೀತೀಯಾ?"

ಉತ್ತರ ಕೊಟ್ಟಿದ್ದರೆ ಅಳು ಬರುತ್ತಿತ್ತು, ಅತ್ತರೆ ಅವರು ಗೆಲ್ಲುತ್ತಿದ್ದರು. ಅವರ ಪಾದ ನನ್ನ ಮಡಿಲಲ್ಲೇ ಇತ್ತು. ಎರಡೂ ಕೈಯಲ್ಲಿ ಹಿಡಿದುಕೊಂಡೆ. ಹಿಡಿದದ್ದೂ ಅವರಿಗೆ ತಿಳಿದಿರಲಿಲ್ಲ, ಕಣ್ಣಿಗೆ ಬಿದ್ದ ಮೇಲೆಯೇ ತಿಳಿಯಿತು. ಹಾಗೆ ತಿಳಿಯುತ್ತಲೇ ಅವರ ಮುಖ ಇಳಿದುಹೋಯಿತು.

ಯಾವುದು ಪ್ಯಾಕ್ ಮಾಡಲಿ ಎಂದು ಹುಡುಗಿ ಕೇಳಿದಳು. ಇವತ್ತು ಯಾವುದೂ ಬೇಡಮ್ಮ, ಮೊದಲು ಈ ಕಾಲನ್ನು ಡಾಕ್ಟರಿಗೆ ತೋರಿಸಬೇಕು ಎಂದೆ. ಕಾಲಿಗೆ ಏನಾಗಿದೆ ಎಂದು ಬಗ್ಗಿ ನೋಡಿದಳು. ಸೀಟಿಯೇ ಅವಳನ್ನು ಪೆಟ್ಟಿಗೆಗಳ ಕಡೆ ಕರೆದುಕೊಂಡು ಹೋದ.

ನನ್ನ ಗಂಡ ಜೇಬಿನಿಂದ ಫೋನ್ ತೆಗೆದು ಡಿಪೋಗೆ ಹಚ್ಚಿದರು. ನಾಳೆ ಬರೋದಿಲ್ಲ ಸಾರ್ ಎಂದರು. ಆ ಕಡೆಯವರು ಜ್ವರವೇ ಎಂದು ಕೇಳಿರಬೇಕು. ಹೌದು ಎಂದುಬಿಡುವಷ್ಟು ಸುಲಭದ ಪ್ರಶ್ನೆ ಅದು. ಅವರು ನನ್ನನ್ನು ನೋಡಲಿಲ್ಲ, ಸೀಟಿಯನ್ನೂ ನೋಡಲಿಲ್ಲ.

"ಜ್ವರ ಅಲ್ಲ ಸಾರ್. ಬಲಗಾಲು. ಸ್ಪರ್ಶ ಇಲ್ಲ."

ಅವರು ಫೋನನ್ನು ಕಿವಿಗೊತ್ತಿಕೊಂಡು ಆ ಕಡೆಯ ಮಾತಿಗಾಗಿ ಕಾಯುತ್ತ ಕೂತರು.