ಹುಳುಮನೆಯಲ್ಲಿ ಬೆಳೆದವಳು

ಹೆಸರು ಹಿಡಿದು ಕರೆದರೆ ಲೀಯಮ್ಮ ಓಗೊಡುವುದಿಲ್ಲ. ಕರೆದ ಕ್ಷಣ ಕಲ್ಲಾಗಿ ನಿಂತು, ಕರೆದವರು ಯಾರೆಂದು ನೋಡಿ, ಆಮೇಲಷ್ಟೇ ನಗುತ್ತಾಳೆ. ನಮ್ಮ ಹಿಪ್ಪುನೇರಳೆ ಸೀಮೆಯ ವಿಜಯಪುರದಲ್ಲಿ ರೇಷ್ಮೆ ನೂಲು ಬಿಚ್ಚುವ ಯಂತ್ರ ಕೂರಿಸಲು ಚೀನಾದಿಂದ ಬಂದ ಈ ಮೂವತ್ತಾರರ ತಂತ್ರಜ್ಞೆಯ ಹೆಸರು ಬರೀ ಲೀ; ಅದಕ್ಕೆ ‘ಅಮ್ಮ’ ಸೇರಿಸಿದವಳು, ಮಹಡಿ ಬಾಡಿಗೆಗೆ ಕೊಟ್ಟ, ರೇಷ್ಮೆಹುಳು ಸಾಕುವ ಅಕ್ಕಯಮ್ಮ. ಸದ್ದಿಲ್ಲದ ನಡಿಗೆ, ಈಚೆಗೆ ಸುಡುಬಿಸಿಲಿನಲ್ಲೂ ಕಳಚದ ದೊಗಲೆ ಕೋಟು, ಒಂದೂವರೆ ವರ್ಷದಲ್ಲಿ ಕಲಿತ ಮುರುಕು ಕನ್ನಡ. ಇದೆಲ್ಲ ಜಂಬವೆಂದೇ ಅಕ್ಕಯಮ್ಮ ತಿಳಿದಿದ್ದಳು.

ನಾಲ್ಕನೇ ಜ್ವರ ಕಳೆದು, ಪೊರೆ ಬಿಟ್ಟು ಹಸಿದೆದ್ದ ಹುಳುಗಳು ಸೊಪ್ಪು ಮೇಯುತ್ತಿದ್ದ ಒಂದು ಮಧ್ಯಾಹ್ನ, ಹೊರಗಿನವರು ಹೊಸ್ತಿಲು ದಾಟಬಾರದ ಹುಳುಮನೆಯಲ್ಲಿ, ಹುಳು ಗೂಡು ಕಟ್ಟುವ ಚಂದ್ರಿಕೆಗಳ ಹಿಂದೆ ಲೀಯಮ್ಮ ಕಣ್ಣು ಮುಚ್ಚಿ ಕೂತಿದ್ದಳು. ಬಯ್ಯಲು ಬಾಯಿ ತೆರೆದ ಅಕ್ಕಯಮ್ಮ, ಬಿಚ್ಚಿದ ಕೋಟಿನೊಳಗೆ ಐದು ತಿಂಗಳ ಬಸುರು ಕಂಡು ಪಕ್ಕದಲ್ಲೇ ಕುಕ್ಕರಿಸಿದಳು.

“ನಿಮ್ ದೇಶದ್ ಹಬ್ಬಕ್ಕೆ ಗಂಡನ್ ಹತ್ರ ಹೋಗಿದ್ದೋಳು ನೀನು. ಯಾರ್ಗೆ ಹೆದರ್ಕೊಂಡು ಮುಚ್ಚಿಡ್ತಿದ್ದೀಯವ್ವಾ?”

“ಇದು ಎರಡನೇ ಮಗು. ನಾನೂ ಎರಡನೇದು,” ಎಂದಳು ಲೀಯಮ್ಮ. “ಆಗ ಸರ್ಕಾರ ಒಂದೇ ಸಾಕು ಅಂತು. ಆಫೀಸರ್ ಬಂದ್ರೆ ಅಮ್ಮ ನನ್ನ ಹುಳದ ಮನೇಲಿ ಇಟ್ಟಳು.”

ಅಲ್ಲಿಯೂ ಹುಳುಮನೆಗೆ ಪರರ ಗಾಳಿ ಸೋಕಬಾರದು. ಅಧಿಕಾರಿಗಳು ಹೊಸ್ತಿಲಲ್ಲೇ ನಿಂತು, ಓಗೊಟ್ಟು ಸಿಕ್ಕಿಬೀಳಲೆಂದು ಅವಳ ಹೆಸರನ್ನು ಮುದ್ದಾಗಿ ಕರೆಯುತ್ತಿದ್ದರಂತೆ. ಮಳೆ ಸುರಿದಂಥ, ಹುಳುಗಳು ಮೇಯುವ ಸದ್ದಿನಲ್ಲಿ ಮಗುವಿನ ಉಸಿರು ಅಡಗಿಹೋಗುತ್ತಿತ್ತು. ಒಂಬತ್ತು ವರ್ಷ ಅವಳ ಹೆಸರು ಸರ್ಕಾರದ ಯಾವ ಪುಸ್ತಕದಲ್ಲೂ ಇರಲಿಲ್ಲ. ಈಗ ಅದೇ ಸರ್ಕಾರ ಎರಡು ಹೆರಿ ಎಂದು, ಮೂರಾದರೂ ಸರಿ ಎಂದು, ಹಣವನ್ನೂ ಕೊಡುತ್ತಿದೆ. ಅಂದಿನ ಅಧಿಕಾರಿಯ ಕುರ್ಚಿಯಲ್ಲಿ ಕೂತ ಹೆಂಗಸು, ಇನ್ನೊಂದು ಯಾವಾಗ ಎಂದು ವಿಚಾರಿಸಲು ಪದೇಪದೇ ಫೋನ್ ಮಾಡುತ್ತಾಳೆ. ಲೀಯಮ್ಮ ಎತ್ತಿರಲಿಲ್ಲ.

“ಇವತ್ತು ಮೂರು ಅಂತಾರೆ. ನಾಳೆ?”

ಅಕ್ಕಯಮ್ಮ ಸೆರಗಿನಿಂದ ಅವಳ ಹಣೆ ಒರೆಸಿದಳು. ಆದರೂ ಕೇಳಿಯೇಬಿಟ್ಟಳು: “ನಿಮ್ಮವ್ವ ನಿನ್ನ ಬಚ್ಚಿಟ್ಟು ಸಾಕಿದ್ಳು, ಬೇರೆ ದಾರಿ ಇರ್ಲಿಲ್ಲ. ಈ ಮಗೂನೂ ಹಂಗೇ ಸಾಕ್ತೀಯಾ?”

ಸಂಜೆ ಆ ಹೆಂಗಸಿನ ಫೋನ್ ಮತ್ತೆ ಬಂತು. ಲೀಯಮ್ಮ ಕೋಟನ್ನು ಗೂಟಕ್ಕೆ ತಗುಲಿಸಿ, ಅಂಗಳದ ನಡುವೆ ನಿಂತು, ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ತನ್ನ ಭಾಷೆಯಲ್ಲಿ ಮಾತಾಡಿದಳು. ಆ ಪುಟ್ಟ ದೇಹದೊಳಗೆ ಅಂಥ ದನಿ ಇಷ್ಟು ದಿನ ಎಲ್ಲಿತ್ತೆಂದು ಅಕ್ಕಯಮ್ಮ ಬೆರಗಾದಳು.

“ಏನಂದೆಯವ್ವಾ?”

“ಎರಡನೇದು ಬರ್ತಿದೆ ಅಂದೆ. ನನ್ನ ಹೆಸರು ಹೇಳಿದೆ. ಎರಡು ಸಲ.”

ಆಳುವವರು ಒಂದು ಸಾಕೆನ್ನುತ್ತಾರೆ, ಮೂರು ಬೇಕೆನ್ನುತ್ತಾರೆ. ಮನಸ್ಸು ಬದಲಿಸಲು ಅವರಿಗೆ ಒಂದು ಸುತ್ತೋಲೆ ಸಾಕು. ಬಚ್ಚಿಟ್ಟುಕೊಂಡು ಬೆಳೆದ ಇಂಥವರಿಗೆ, ತಮ್ಮ ಹೆಸರಿಗೆ ತಾವೇ ಓಗೊಡಲು ಅರ್ಧ ಆಯುಷ್ಯ ಬೇಕಾಗುತ್ತದೆ.